ಹೊಸ ಫೋನ್ ತಗೊಂಡು ಎರಡು ದಿನ ಆಯ್ತು, ಕ್ಯಾಮೆರಾ ಸೂಪರ್. 108 ಮೆಗಾಪಿಕ್ಸೆಲ್, ತೀರ ಹತ್ತಿರದಿಂದ ತೆಗೆಯೋಕೆ 2 ಮೆಗಾಪಿಕ್ಸೆಲ್ ಮ್ಯಾಕ್ರೋ ಲೆನ್ಸೂ ಇದೆ. ನಮ್ಮ ಕೊಡಗಿನ ಸುಗ್ಗಿ ಹಬ್ಬ ಪುತ್ತರಿಯ ಫೋಟೋಗೆ ಇದೇ ಸಾಕಲ್ವಾ? ಮಳೆಯಲ್ಲಿ ತೋಟಕ್ಕೆ ಒಯ್ಯಬಹುದಾ?

ಸಾಲಲ್ಲ. ಎರಡು ದಿನ ಬಿಸಿಲಲ್ಲಿ ತೆಗೆದು ನೋಡಿದ್ದೀರಿ, 108 ಮೆಗಾಪಿಕ್ಸೆಲ್ ಇದೆ, ಫೋಟೋಗ್ರಾಫರ್ ಬೇಡ ಅಂತ ಮನೆಯಲ್ಲಿ ಹೇಳಿಬಿಡ್ಲಾ ಅಂತ ಕೇಳ್ತಿದ್ದೀರಿ. ನಾನೂ ಹೀಗೇ ಹೇಳಿದ್ದೆ.

ನಾನು ಫೋನ್ ತಗೊಂಡಿದ್ದು ಮೈಸೂರಲ್ಲಿ. ಅಂಗಡಿ ಲೈಟಲ್ಲಿ ತೆಗೆದ ಫೋಟೋನೇ ಚೆನ್ನಾಗಿತ್ತು, ಹೊರಗೆ ಬಂದು ಬಿಸಿಲಲ್ಲಿ 108 ಮೋಡ್ ಹಾಕಿ ರಸ್ತೆ ಆಚೆ ನಿಂತಿದ್ದ ಬಸ್ಸಿನ ಫೋಟೋ ತೆಗೆದು ಜೂಮ್ ಮಾಡಿದ್ರೆ ಬೋರ್ಡಿನ ಅಕ್ಷರ ಅಷ್ಟೂ ಓದಬಹುದಿತ್ತು, ಅಷ್ಟು ನೋಡಿ ನಾನು ತೀರ್ಮಾನ ಮಾಡಿಬಿಟ್ಟೆ. ಅಲ್ಲಿಂದ ಆ 108 ಮೋಡನ್ನ ತೆಗೀಲೇ ಇಲ್ಲ. ದುಡ್ಡು ಕೊಟ್ಟಿರೋದೇ ಅದಕ್ಕೆ, ಕಡಿಮೆ ಮೋಡಲ್ಲಿ ಯಾಕೆ ತೆಗೀಬೇಕು ಅನ್ನೋದು ನನ್ನ ಲೆಕ್ಕ.

ಪುತ್ತರಿ ರಾತ್ರಿ ಹೇಗಿರುತ್ತೆ ಅಂತ ನಿಮಗೆ ಹೇಳಬೇಕಾಗಿಲ್ಲ. ಹುಣ್ಣಿಮೆ ಇದ್ರೂ ಗದ್ದೆ ಮೇಲೆ ಮಂಜು ಕೂತಿರುತ್ತೆ, ಬೆಳಕು ಅಂದ್ರೆ ದೀಪ, ಒಂದೆರಡು ಟಾರ್ಚು, ಗಂಡಸರು ಹಾಕಿರೋದು ಕಪ್ಪು ಕುಪ್ಯ, ಅದೇ ಕೊಡವರ ಉದ್ದ ಕೋಟು. ಗುಂಡು ಹಾರಿಸಿದ್ರು, "ಪೊಲಿ ಪೊಲಿ ದೇವಾ" ಅಂತ ಎಲ್ಲರೂ ಕೂಗಿದ್ರು, ದೊಡ್ಡಪ್ಪ ಬಗ್ಗಿ ಕದಿರು ಕೊಯ್ದು ಎತ್ತಿ ಹಿಡಿದ್ರು. ನಾನು ಒತ್ತಿದ್ದೇ ಒತ್ತಿದ್ದು. 108 ಮೋಡಲ್ಲಿ ಒಂದೊಂದು ಫೈಲೂ ದೊಡ್ಡದು, ಸೇವ್ ಆಗೋವರೆಗೆ ಫೋನ್ ಮುಂದಿನ ಫೋಟೋ ತೆಗೀತಾನೇ ಇಲ್ಲ. ಐನ್‌ಮನೆಗೆ, ಅಂದ್ರೆ ಕುಟುಂಬದ ಮೂಲಮನೆಗೆ, ಬಂದು ಜಗಲಿಯಲ್ಲಿ ಕೂತು ನೋಡಿದ್ರೆ ದೊಡ್ಡಪ್ಪನ ಮುಖ ಇರಬೇಕಾದ ಜಾಗದಲ್ಲಿ ಕಂದು ಬಣ್ಣದ ಕಾಳುಕಾಳು, ಕುಡುಗೋಲು ಒಂದು ಬಿಳಿ ಗೀರು. ಮುಂದಿನ ಪುತ್ತರಿಗೆ ದೊಡ್ಡಪ್ಪ ಇರಲಿಲ್ಲ.

ಇದು ಯಾಕೆ ಹೀಗಾಯ್ತು ಅಂತ ಆಮೇಲೆ ಓದಿ ಓದಿ ತಿಳ್ಕೊಂಡೆ, ನಿಮಗೆ ಬಿಡಿಸಿ ಹೇಳ್ತೀನಿ. ಈ ಸೆನ್ಸರ್‌ಗಳಲ್ಲಿ (ಲೆನ್ಸ್ ಹಿಂದೆ ಬೆಳಕು ಹಿಡಿಯೋ ಚಿಪ್) ಒಂದು ಪಿಕ್ಸೆಲ್, ಅಂದ್ರೆ ಬೆಳಕು ಹಿಡಿಯೋ ಒಂದು ಚುಕ್ಕಿ, ಅಗಲ 0.7 ಮೈಕ್ರಾನ್ ಆಸುಪಾಸು, ಕೂದಲೆಳೆಯ ದಪ್ಪದಲ್ಲಿ ನೂರರ ಒಂದು ಪಾಲು. ಅಷ್ಟು ಸಣ್ಣದಕ್ಕೆ ರಾತ್ರಿ ಬೆಳಕು ಸಿಗೋದೇ ಇಲ್ಲ. ಅದಕ್ಕೇ ಕಂಪನಿಯವರೇ ಒಂಬತ್ತು ಪಿಕ್ಸೆಲ್ ಸೇರಿಸಿ ಒಂದು ಮಾಡಿ 12 ಮೆಗಾಪಿಕ್ಸೆಲ್ ಫೋಟೋ ಬರೋ ಥರ ಸೆಟ್ ಮಾಡಿ ಕೊಟ್ಟಿರ್ತಾರೆ. 200 ಮೆಗಾಪಿಕ್ಸೆಲ್ ಫೋನಲ್ಲಿ ಹದಿನಾರು ಸೇರಿ ಒಂದು, 50ರಲ್ಲಿ ನಾಲ್ಕು ಸೇರಿ ಒಂದು, ಎಲ್ಲಾ ಸುತ್ತಿ ಬಂದು ನಿಲ್ಲೋದು ಅದೇ 12 ಚಿಲ್ಲರೆಗೆ. ನಾವು 108 ಮೋಡ್ ಒತ್ತಿದ ಕೂಡಲೇ ಈ ಸೇರಿಸೋ ಕೆಲಸ ನಿಂತುಹೋಗುತ್ತೆ, ಜೊತೆಗೆ ಎಷ್ಟೋ ಫೋನಲ್ಲಿ ನಾಲ್ಕಾರು ಫೋಟೋ ಬೆರೆಸಿ ಸ್ವಚ್ಛ ಮಾಡೋ ನೈಟ್ ಮೋಡೂ ಆಫ್ ಆಗುತ್ತೆ. ಬಿಸಿಲಿಗೆ ಅಂತ ಮಾಡಿದ ಮೋಡನ್ನ ದೀಪದ ಬೆಳಕಲ್ಲಿ ಇಟ್ಕೊಂಡೆ, ಹೋಗಿದ್ದು ಅಲ್ಲೇ. ಅದೇ ಫೋನಲ್ಲಿ ಮಾಮೂಲಿ ಮೋಡ್ ಇಟ್ಟಿದ್ದ ನನ್ನ ತಮ್ಮನ ಹೆಂಡತಿ ಆಮೇಲೆ ಮನೆ ಒಳಗೆ ದೀಪದ ಮುಂದೆ ತೆಗೆದ ಫೋಟೋಗಳು ಎಷ್ಟೋ ವಾಸಿ ಇದ್ವು.

ಹಾಗಾಗಿ ಮೆಗಾಪಿಕ್ಸೆಲ್ ಲೆಕ್ಕ ಬಿಟ್ಟುಬಿಡಿ. ಸೆನ್ಸರ್ ದೊಡ್ಡದಾ, ಓಐಎಸ್, ಅಂದ್ರೆ ಕೈ ಅಲ್ಲಾಡಿದ್ರೆ ಲೆನ್ಸನ್ನೇ ಸರಿಸಿ ಸರಿದೂಗಿಸೋ ವ್ಯವಸ್ಥೆ, ಇದೆಯಾ ನೋಡಿ. ಓಐಎಸ್ ಇದ್ರೂ ಅದು ನಿಲ್ಲಿಸೋದು ನಿಮ್ಮ ಕೈ ನಡುಕ ಮಾತ್ರ, ಕದಿರು ಕೊಯ್ಯೋ ಕೈಯನ್ನಲ್ಲ. ನೈಟ್ ಮೋಡಲ್ಲೂ ಅಷ್ಟೇ, ಎರಡು ಮೂರು ಸೆಕೆಂಡಲ್ಲಿ ಜನ ಅಲ್ಲಾಡಿದ್ರೆ ಮುಖ ಕಲಸಿಹೋಗುತ್ತೆ. ನೀವು ಮಾಡಬೇಕಾದ್ದು ಇಷ್ಟು: ಮಾಮೂಲಿ ಮೋಡ್, 1ಎಕ್ಸ್ ಮೇನ್ ಕ್ಯಾಮೆರಾ, ಜೂಮ್ ಬೇಡ, ಹತ್ತಿರ ಹೋಗಿ ನಿಲ್ಲಿ, ಯಾರ ಕೈಗಾದ್ರೂ ಎಮರ್ಜೆನ್ಸಿ ಲೈಟ್ ಕೊಟ್ಟು ಪಕ್ಕದಿಂದ ಹಿಡಿಸಿ, ಕದಿರು ಎತ್ತಿ ಹಿಡಿದು ಒಂದು ಕ್ಷಣ ನಿಲ್ತಾರಲ್ಲ ಆಗ ಒತ್ತಿ. ಮತ್ತೆ, ಮನೆಯಲ್ಲಿ ವಯಸ್ಸಾದವರು ಇದ್ರೆ ಫೋಟೋಗ್ರಾಫರ್ ಕರೆಸಿ ಮಾರಾಯ್ರೆ, ಫೋನು ಒಳ್ಳೇದಿರಲಿ ಕೆಟ್ಟದಿರಲಿ. ಆ ರಾತ್ರಿ ವರ್ಷಕ್ಕೆ ಒಂದೇ ಸಲ.

ಹಗಲಲ್ಲೂ ನಮ್ಮೂರ ಬೆಳಕು ಬೇರೆಯೇ. ರಿವ್ಯೂ ಮಾಡೋರು ತೋರಿಸೋ ಬಿಸಿಲು ನಮಗೆ ಮಳೆಗಾಲದಲ್ಲಿ ಎಲ್ಲಿ ಸಿಗುತ್ತೆ? ಬೆಳಿಗ್ಗೆ ಮಂಜಲ್ಲಿ ತೋಟಕ್ಕೆ ಹೋಗಿ ನೋಡಿ, ಫೋಕಸ್ ಹಿಂದೆ ಮುಂದೆ ಓಡಾಡ್ತಾ ಇರುತ್ತೆ, ಮಂಜಿಗೆ ಅಂಚು ಅಂತ ಇಲ್ಲವಲ್ಲ ಅದಕ್ಕೆ ಹಿಡಿಯೋಕೆ. ಸ್ಕ್ರೀನಲ್ಲಿ ಹತ್ತಿರದ ಸಿಲ್ವರ್ ಓಕ್ ಮರದ ಕಾಂಡದ ಮೇಲೆ ಬೆರಳಿಟ್ಟು ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ, ಆಮೇಲೆ ಪಕ್ಕದಲ್ಲಿ ಬರೋ, ಬೆಳಕು ಹೆಚ್ಚು ಕಡಿಮೆ ಮಾಡೋ ಸೂರ್ಯನ ಗುರುತನ್ನ ಸ್ವಲ್ಪ ಮೇಲಕ್ಕೆ ಎಳೀರಿ, ಇಲ್ಲದಿದ್ರೆ ಬಿಳಿ ಮಂಜು ಬೂದಿ ಬಣ್ಣಕ್ಕೆ ಬರುತ್ತೆ. ಹೂಮಳೆ ಆಗಿ ಕಾಫಿ ಹೂವು ಅರಳಿದಾಗ ಇದರ ಉಲ್ಟಾ. ಕಡು ಹಸಿರು ಎಲೆ ನೋಡಿ ಫೋನು ಬೆಳಕು ಜಾಸ್ತಿ ಮಾಡುತ್ತೆ, ಹೂವಿನ ಎಸಳು ಒಂದೂ ಕಾಣದೆ ಸುಣ್ಣ ಬಳಿದ ಹಾಗಾಗುತ್ತೆ, ಆಗ ಕೆಳಕ್ಕೆ ಎಳೀಬೇಕು. ಹೂವು ಇರೋದು ಎರಡು ಮೂರು ದಿನ, ಆಮೇಲೆ ಕಂದಾಗುತ್ತೆ, ಅಷ್ಟರೊಳಗೆ ಕಲಿತಿರಬೇಕು. ಎಐ ಸೀನ್ ಅಂತ ಒಂದು ಆಪ್ಷನ್ ಇರುತ್ತೆ, ಫೋನೇ ದೃಶ್ಯ ಗುರುತಿಸಿ ಬಣ್ಣ ತಿದ್ದೋದು, ಅದನ್ನ ಆಫ್ ಮಾಡಿ, ನಮ್ಮ ಮಂಜನ್ನೆಲ್ಲ ಒರೆಸಿಹಾಕಿ ಹಸಿರನ್ನ ಪ್ಲಾಸ್ಟಿಕ್ ಮಾಡಿಬಿಡುತ್ತೆ.

2 ಮೆಗಾಪಿಕ್ಸೆಲ್ ಮ್ಯಾಕ್ರೋ ಲೆನ್ಸ್ ಇದೆ ಅಂತ ಖುಷಿಯಾಗಿ ಬರೆದಿದ್ದೀರಿ. ಅದರ ಮೇಲೆ ಆಸೆ ಇಟ್ಕೋಬೇಡಿ. ಕಾಯಿ ಕೊರಕ ಹುಳು ಬಿದ್ದ ಕಾಫಿ ಕಾಯಿಯ ತೂತು ತೋರಿಸೋಕೆ ನಾನು ಮೇನ್ ಕ್ಯಾಮೆರಾವನ್ನೇ ಸ್ವಲ್ಪ ದೂರ ಹಿಡಿದು 2ಎಕ್ಸಲ್ಲಿ ತೆಗೀತೀನಿ, ಅದೇ ಚೆನ್ನಾಗಿ ಬರುತ್ತೆ.

ಮಳೆ ವಿಷಯ ಕೊನೆಗೆ ಕೇಳಿದ್ರಲ್ಲ. ಫೋನು ನೀರು ಧೂಳು ತಡೆಯುತ್ತೆ ಅಂತ ಹೇಳೋ ಐಪಿ68 ಗುರುತು ಅಂದ್ರೆ ಲ್ಯಾಬಲ್ಲಿ ನಿಂತ ಸಿಹಿನೀರಲ್ಲಿ ಮಾಡಿದ ಪರೀಕ್ಷೆ. ನಿಮ್ಮ ಫೋನಿಗೆ ಐಪಿ68 ಇದ್ರೂ ನೀರು ಹೋಗಿ ಕೆಟ್ರೆ ಸಾಮಾನ್ಯವಾಗಿ ವಾರಂಟಿ ಸಿಗಲ್ಲ, ಹಾಗಾಗಿ ಜೂನ್ ಬಂದ ಮೇಲೆ ತೋಟಕ್ಕೆ ಜಿಪ್ ಇರೋ ಪ್ಲಾಸ್ಟಿಕ್ ಕವರಲ್ಲೇ ಒಯ್ಯಿರಿ, ಒದ್ದೆ ಇದ್ದಾಗ ಚಾರ್ಜಿಗೆ ಹಾಕಬೇಡಿ. ವಾಪಸ್ ಕೊಡೋಕೆ ಇನ್ನೂ ಟೈಮ್ ಇದ್ರೆ ಇವತ್ತು ರಾತ್ರಿಯೇ ಗದ್ದೆ ಹತ್ರ ಹೋಗಿ ಯಾರನ್ನಾದ್ರೂ ನಿಲ್ಲಿಸಿ ದೀಪದ ಬೆಳಕಲ್ಲಿ ಒಂದಷ್ಟು ತೆಗೆದು ನೋಡಿ, ಮುಖ ಕಾಣದಿದ್ರೆ ಫೋನ್ ಬದಲಾಯಿಸಿ.