ಒದ್ದೆ ಮೂಳೆಯಲ್ಲಿ ಪೀಜೊವಿದ್ಯುತ್ ಉಳಿಯುತ್ತದೆಯೇ?

ಮೂಳೆಯನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತದೆ (ಇದೇ ಪೀಜೊವಿದ್ಯುತ್) ಎಂಬುದನ್ನು ಒಣ ಮೂಳೆಯ ಮೇಲೆ ತೋರಿಸಿರುವಾಗ, ಸದಾ ತೇವದಲ್ಲಿರುವ ನಮ್ಮ ದೇಹದ ಮೂಳೆಗೆ ಅದು ಅನ್ವಯಿಸುತ್ತದೆಯೇ ಎಂದು ಕೇಳಿದ್ದೀರಿ. ನಿಮ್ಮ ಅನುಮಾನಕ್ಕೆ ಆಧಾರವಿದೆ. 1957ರಲ್ಲಿ ಜಪಾನಿನ ವಿಜ್ಞಾನಿಗಳಾದ ಫುಕಾಡಾ ಮತ್ತು ಯಸುದಾ ಈ ಗುಣವನ್ನು ಅಳೆದದ್ದು ಚೆನ್ನಾಗಿ ಒಣಗಿಸಿದ ಮೂಳೆಯಲ್ಲಿ. ಅಲ್ಲಿ ಸಿಕ್ಕ ಗುಣಾಂಕವೂ, ಅಂದರೆ ಇಷ್ಟು ಒತ್ತಿದರೆ ಇಷ್ಟು ವಿದ್ಯುತ್ ಎಂಬ ಅಳತೆಯೂ, ಸ್ಫಟಿಕಶಿಲೆಯದರ ಸುಮಾರು ಹತ್ತನೇ ಒಂದು ಭಾಗದಷ್ಟು ಮಾತ್ರ.

ಎಂ.ಎಸ್ಸಿ. ಓದುವಾಗ ಮಟನ್ ಅಂಗಡಿಯಿಂದ ತಂದ ತೊಡೆಮೂಳೆಯೊಂದರಲ್ಲಿ ನಾನೂ ಇದನ್ನು ಅಳೆಯಲು ಹೊರಟಿದ್ದೆ. ಮೂಳೆಯ ಉದ್ದಕ್ಕೆ 45 ಡಿಗ್ರಿ ಓರೆಯಾಗಿ ತೆಳುವಾದ ಬಿಲ್ಲೆ ಕೊಯ್ದು, ಎರಡೂ ಮುಖಕ್ಕೆ ಬೆಳ್ಳಿಯ ಪೇಸ್ಟ್ ಬಳಿದು, ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ವಾರಗಟ್ಟಲೆ ಒಣಗಿಸಿದ್ದೆ. ಓರೆಯಾಗಿ ಕೊಯ್ಯಲು ಕಾರಣವಿದೆ: ಮೂಳೆಯಲ್ಲಿರುವ ನಾರಿನಂಥ ಪ್ರೋಟೀನಾದ ಕೊಲಾಜನ್‌ನ ಎಳೆಗಳನ್ನು ಒಂದರ ಮೇಲೊಂದು ಜಾರಿಸುವ ಬಲಕ್ಕೇ ಈ ಪರಿಣಾಮ ಹೆಚ್ಚು. ಒಣ ಬಿಲ್ಲೆಯ ಮೇಲೆ ತೂಕ ಇಟ್ಟರೆ ಮೀಟರಿನ ಮುಳ್ಳು ಏರಿ, ನಿಧಾನವಾಗಿ ಇಳಿಯುತ್ತಿತ್ತು. ಅದೇ ಬಿಲ್ಲೆಯನ್ನು ಗಟ್ಟಿ ಉಪ್ಪುನೀರಿನ ಬಟ್ಟಲಿಟ್ಟ ಮುಚ್ಚಿದ ಡಬ್ಬಿಯಲ್ಲಿ, ಅಂದರೆ ಸುಮಾರು 75 ಶೇಕಡಾ ಆರ್ದ್ರತೆಯಲ್ಲಿ, ಎರಡು ದಿನ ಇಟ್ಟು ತೆಗೆದಾಗ ಮುಳ್ಳು ಏರಿದ್ದೇ ತಡ ಸೊನ್ನೆಗೆ ಬಿದ್ದಿತು. ಪೀಜೊವಿದ್ಯುತ್ತೇ ಸತ್ತಿತೆಂದು ನಾನು ವರದಿಯಲ್ಲಿ ಬರೆದೆ. ಅದು ಅವಸರದ ತೀರ್ಮಾನವಾಗಿತ್ತು.

ಏಕೆಂದರೆ ವಿದ್ಯುತ್ ಆವೇಶ (ಚಾರ್ಜ್) ಹುಟ್ಟದಿರುವುದು ಬೇರೆ, ಹುಟ್ಟಿದ ಆವೇಶ ಸೋರಿ ಹೋಗುವುದು ಬೇರೆ. ಆವೇಶ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದು ವಸ್ತುವಿನ ವಿದ್ಯುತ್ ನಿರೋಧತೆ (ವಿದ್ಯುತ್ ಹರಿವನ್ನು ತಡೆಯುವ ಗುಣ) ಮತ್ತು ಪರ್ಮಿಟಿವಿಟಿ (ವಿದ್ಯುತ್ ಕ್ಷೇತ್ರದಲ್ಲಿ ಆವೇಶವನ್ನು ಹಿಡಿದಿಡುವ ಗುಣ) ಇವುಗಳ ಗುಣಲಬ್ಧದಿಂದ ತೀರ್ಮಾನವಾಗುತ್ತದೆ. ತೇವ ಹೆಚ್ಚಿದರೆ ನೀರಿನಿಂದಾಗಿ ಪರ್ಮಿಟಿವಿಟಿಯೂ ಏರುತ್ತದೆ, ಆದರೆ ಲವಣಗಳ ಅಯಾನುಗಳು (ಆವೇಶ ಹೊತ್ತ ಕಣಗಳು) ಓಡಾಡಲು ದಾರಿಯಾಗುವುದರಿಂದ ನಿರೋಧತೆ ಅದಕ್ಕಿಂತ ಬಹಳ ಹೆಚ್ಚು ಕುಸಿಯುತ್ತದೆ. ಹಾಗಾಗಿ ಒಂದು ಹೆಜ್ಜೆ ಇಡಲು ಬೇಕಾಗುವ ಅರ್ಧ, ಒಂದು ಸೆಕೆಂಡಿನೊಳಗೆ ಒದ್ದೆ ಮೂಳೆಯ ಆವೇಶ ಎಂದೋ ಕರಗಿರುತ್ತದೆ; ನನ್ನ ಮೀಟರಿಗೆ ಕಂಡದ್ದು ಈ ಸೋರಿಕೆಯೇ ಹೊರತು ಗುಣದ ನಾಶವಲ್ಲ.

ಇದರ ಜೊತೆಗೆ ನೀರು ವಸ್ತುವನ್ನೂ ಬದಲಿಸುತ್ತದೆ ಎಂಬುದು ನಿಜ. ಕೊಲಾಜನ್ ಮೂರು ಸರಪಳಿಗಳು ಹೊಸೆದುಕೊಂಡ ಹುರಿ. ಮೊದಲು ಸೇರುವ ನೀರಿನ ಅಣುಗಳು ಹೈಡ್ರೋಜನ್ ಬಂಧಗಳ ಮೂಲಕ ಆ ಹುರಿಯ ಭಾಗವೇ ಆಗಿ ಅದನ್ನು ಬಿಗಿಯಾಗಿ ಹಿಡಿಯುತ್ತವೆ, ನಂತರ ಬಂದವು ಹುರಿಗಳ ನಡುವೆ ನುಸುಳಿ ಅವುಗಳ ಅಂತರವನ್ನು ಸುಮಾರು 1.1 ನ್ಯಾನೊಮೀಟರಿನಿಂದ 1.5ರವರೆಗೆ ಹಿಗ್ಗಿಸುತ್ತವೆ. ಹೀಗೆ ಸಡಿಲಗೊಂಡ ಅಂಗಾಂಶದಲ್ಲಿ ಬಲವು ಎಳೆಯಿಂದ ಎಳೆಗೆ ಹಿಂದಿನಂತೆ ದಾಟುವುದಿಲ್ಲ. 1968ರಲ್ಲಿ ಆಂಡರ್ಸನ್ ಮತ್ತು ಎರಿಕ್ಸನ್ ಎಂಬ ಸಂಶೋಧಕರು ಪೂರ್ತಿ ಒದ್ದೆಯಾದ ಕೊಲಾಜನ್ನಿನಲ್ಲಿ ಪೀಜೊವಿದ್ಯುತ್ ಇಲ್ಲವೆಂದೇ ವಾದಿಸಿದರು. ನನ್ನ ಮಟ್ಟಿಗೆ ಆ ಮಾತು ಸ್ವಲ್ಪ ಹೆಚ್ಚಾಯಿತು. ಗುಣ ಕುಗ್ಗುತ್ತದೆ, ಮರೆಯಾಗುತ್ತದೆ ಎನ್ನುವಷ್ಟು ಸಾಕು.

ಮರೆಯಾಗುವುದು ಏಕೆಂದರೆ ಒದ್ದೆ ಮೂಳೆಯಲ್ಲಿ ಇನ್ನೊಂದು ವಿದ್ಯುತ್ ಮೂಲವೂ ಇದೆ. ಮೂಳೆ ಬಾಗಿದಾಗ ಅದರೊಳಗಿನ ಸೂಕ್ಷ್ಮನಾಳಗಳಲ್ಲಿ ದ್ರವ ಒತ್ತಡವಿರುವ ಕಡೆಯಿಂದ ಇಲ್ಲದ ಕಡೆಗೆ ಹರಿಯುತ್ತದೆ. ನಾಳದ ಗೋಡೆಗೆ ಅಂಟಿಕೊಂಡಿರುವ ಆವೇಶಕ್ಕೆ ವಿರುದ್ಧ ಆವೇಶದ ಅಯಾನುಗಳನ್ನು ಅದು ಕೊಚ್ಚಿಕೊಂಡು ಹೋಗುವುದರಿಂದ ಎರಡು ತುದಿಗಳ ನಡುವೆ ವೋಲ್ಟೇಜ್ ಏಳುತ್ತದೆ. ಇದಕ್ಕೆ ಸ್ಟ್ರೀಮಿಂಗ್ ಪೊಟೆನ್ಷಿಯಲ್ ಎಂದು ಹೆಸರು. ಇವೆರಡನ್ನು ಬೇರ್ಪಡಿಸಲು ಸರಳ ಉಪಾಯವಿದೆ: ದ್ರವದ ಉಪ್ಪನ್ನು ಬದಲಿಸಿ ನೋಡುವುದು. ಉಪ್ಪಿನ ಪ್ರಮಾಣದೊಂದಿಗೆ ವೋಲ್ಟೇಜ್ ಏರಿಳಿದರೆ, ಅದು ಹರಿವಿನಿಂದ ಬಂದದ್ದು. ದೇಹದ ಸ್ಥಿತಿಯಲ್ಲಿರುವ ಮೂಳೆಯಲ್ಲಿ ಅಳೆಯುವ ಸಂಕೇತದಲ್ಲಿ ಬಹುಪಾಲು ಇದರದೇ ಎಂಬುದು ಈಗ ಹೆಚ್ಚಿನವರು ಒಪ್ಪಿರುವ ಮಾತು.

ನೀವು ಕೇಳದಿದ್ದರೂ ಒಂದು ಮಾತು ಸೇರಿಸುತ್ತೇನೆ. ಮುರಿದ ಮೂಳೆ ಕೂಡಲು ಹೊರಗಿನಿಂದ ವಿದ್ಯುತ್ ಕೊಡುವ ಉಪಕರಣಗಳನ್ನು ತೋರಿಸಿ, ಮೂಳೆಯ ಪೀಜೊವಿದ್ಯುತ್ತಿಗೆ ಇದೇ ಸಾಕ್ಷಿ ಎನ್ನುವವರಿದ್ದಾರೆ. ಜೀವಕೋಶ ವಿದ್ಯುತ್ತಿಗೆ ಸ್ಪಂದಿಸುತ್ತದೆ ಎಂದಷ್ಟೇ ಅವು ಹೇಳುತ್ತವೆ; ಆ ವಿದ್ಯುತ್ ಕೊಲಾಜನ್ನಿನಲ್ಲಿ ಹುಟ್ಟಿತೋ ನಾಳದ ನೀರಿನಲ್ಲಿ ಹುಟ್ಟಿತೋ ಎಂಬುದಕ್ಕೆ ಅವುಗಳಲ್ಲಿ ಉತ್ತರವಿಲ್ಲ.