ಮ್ಯಾನುವಲ್ ಗೇರ್ ಕಾರಿನಲ್ಲಿ ಕ್ರೂಸ್ ಕಂಟ್ರೋಲ್: ಕ್ಲಚ್ ಒತ್ತಿದರೆ ಏನಾಗುತ್ತದೆ?

ಕ್ರೂಸ್ ಕಂಟ್ರೋಲ್ (ಆ್ಯಕ್ಸಿಲರೇಟರ್ ಮೇಲೆ ಕಾಲಿಡದೆಯೇ ನೀವು ಇಟ್ಟ ವೇಗದಲ್ಲಿ ಕಾರು ಓಡುವ ಸೌಲಭ್ಯ) ಆನ್ ಇರುವಾಗ ಕ್ಲಚ್ ಒತ್ತಿದರೆ ಎಂಜಿನ್‌ಗೆ ತೊಂದರೆಯಾಗುವುದೇ, ಏರು ಬಂದಾಗ ಗೇರ್ ಇಳಿಸುವವರು ಯಾರು ಎಂದು ಕೇಳಿದ್ದೀರಿ. ಕ್ಲಚ್ ಒತ್ತುವುದರಿಂದ ತೊಂದರೆಯಿಲ್ಲ. ಗೇರಿನ ಹೊಣೆ ಮಾತ್ರ ಪೂರ್ತಿಯಾಗಿ ನಿಮ್ಮದೇ. ನಾನೂ ಆರು ಗೇರಿನ ಡೀಸೆಲ್ ಕಾರನ್ನು ಓಡಿಸುವವನಾದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಕ್ರೂಸ್ ಕಂಟ್ರೋಲ್ ನಿಮ್ಮ ಬಲಗಾಲಿನ ಕೆಲಸವೊಂದನ್ನೇ ಮಾಡುತ್ತದೆ. ವೇಗ ತಗ್ಗಿದರೆ ಎಂಜಿನ್ನಿನ ಶಕ್ತಿಯನ್ನು ಹೆಚ್ಚಿಸುತ್ತದೆ, ಏರಿದರೆ ಕಡಿಮೆ ಮಾಡುತ್ತದೆ. ಈಗ ಕ್ಲಚ್ ಒತ್ತಿದಿರಿ ಎನ್ನಿ: ಎಂಜಿನ್ನಿಗೂ ಚಕ್ರಗಳಿಗೂ ಇರುವ ಸಂಪರ್ಕ ಕಡಿದು ಕಾರಿನ ವೇಗ ಇಳಿಯತೊಡಗುತ್ತದೆ, ಅದನ್ನು ಕಂಡ ಕ್ರೂಸ್ ವ್ಯವಸ್ಥೆ ಸುಮ್ಮನಿರದೆ ಇನ್ನಷ್ಟು ಆ್ಯಕ್ಸಿಲರೇಟರ್ ಕೊಟ್ಟರೆ, ಹೊರೆಯಿಲ್ಲದ ಎಂಜಿನ್ ಕಿರುಚುತ್ತಾ ಕೆಂಪು ಗೆರೆಯತ್ತ, ಅಂದರೆ ತನ್ನ ಸುತ್ತಿನ ಗರಿಷ್ಠ ಮಿತಿಯತ್ತ, ಏರಿಬಿಡುತ್ತದೆ. ಇದನ್ನು ತಡೆಯಲೆಂದೇ ಬ್ರೇಕ್ ಪೆಡಲ್‌ನಂತೆ ಕ್ಲಚ್ ಪೆಡಲ್‌ಗೂ ಒಂದು ಸ್ವಿಚ್ ಇರುತ್ತದೆ. ಪೆಡಲ್ ಕದಲಿದೊಡನೆ ಕ್ರೂಸ್ ಹಿಂದೆ ಸರಿಯುತ್ತದೆ. ಬಹುತೇಕ ಕಾರುಗಳಲ್ಲಿ ಗೇರ್ ಬದಲಿಸಿದ ಮೇಲೆ, ಹಳೆಯ ವೇಗಕ್ಕೆ ಮರಳಿಸುವ ರಿಸ್ಯೂಮ್ ಗುಂಡಿಯನ್ನು ಒತ್ತಬೇಕು. ಕೆಲವು ಹೊಸ ಕಾರುಗಳು ಗೇರ್ ಬದಲಾವಣೆಯ ಅಷ್ಟು ಹೊತ್ತು ಕಾದು, ಕ್ಲಚ್ ಬಿಟ್ಟ ನಂತರ ತಾವೇ ಹಳೆಯ ವೇಗಕ್ಕೆ ಮರಳುತ್ತವೆ. ನಿಮ್ಮದು ಯಾವ ಬಗೆಯದೆಂದು ಕಾರಿನ ಕೈಪಿಡಿಯಲ್ಲಿ ನೋಡಿಕೊಳ್ಳಿ.

ಹೆಚ್ಚು ಗಮನ ಬೇಕಾದದ್ದು ಏರಿನಲ್ಲಿ. 1958ರಲ್ಲಿ ಕ್ರೈಸ್ಲರ್ ಸಂಸ್ಥೆಯ ಇಂಪೀರಿಯಲ್ ಕಾರಿನಲ್ಲಿ ಈ ಸೌಲಭ್ಯ ಬಂದಾಗ ಅದು ಆಟೊಮ್ಯಾಟಿಕ್ ಗೇರಿನ ಕಾರಾಗಿತ್ತು. ಏರು ಬಂದರೆ ಗೇರ್‌ಬಾಕ್ಸ್ ತಾನೇ ಕೆಳಗಿನ ಗೇರಿಗೆ ಇಳಿಯುತ್ತಿತ್ತು. ನಮ್ಮ ಕಾರುಗಳಲ್ಲಿ ಹಾಗಾಗುವುದಿಲ್ಲ. ಒಂದೇ ಗೇರಿನಲ್ಲಿ ಎಂಜಿನ್ನಿನ ಸುತ್ತು ವೇಗಕ್ಕೆ ತಕ್ಕಂತೆ ಇಳಿಯುತ್ತದೆ: ಆರನೇ ಗೇರಿನಲ್ಲಿ ಗಂಟೆಗೆ 100 ಕಿ.ಮೀ. ವೇಗದಲ್ಲಿ 2,000 ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ನಿನ ಸುತ್ತು) ಇದ್ದರೆ, 60 ಕಿ.ಮೀ.ಗೆ ಇಳಿಯುವ ಹೊತ್ತಿಗೆ ಅದು 1,200 ಆಗಿರುತ್ತದೆ. ಅಷ್ಟು ಕಡಿಮೆ ಸುತ್ತಿನಲ್ಲಿ ಎಂಜಿನ್ನಿಗೆ ಏರು ಹತ್ತುವ ಬಲ ಸಾಲದು, ಆದರೂ ಕ್ರೂಸ್ ಪೂರ್ತಿ ಆ್ಯಕ್ಸಿಲರೇಟರ್ ಕೊಡುತ್ತಲೇ ಇರುತ್ತದೆ. ಕಾರು ನಡುಗುತ್ತದೆ, ಎಂಜಿನ್ ಮತ್ತು ಫ್ಲೈವೀಲ್ (ಎಂಜಿನ್ನಿಗೆ ಜೋಡಿಸಿದ ಭಾರದ ಚಕ್ರ) ಎರಡಕ್ಕೂ ಸುಮ್ಮನೆ ಪೆಟ್ಟು. ಕಾಲಿನಿಂದ ಓಡಿಸುವಾಗ ಈ ತಿಣುಕಾಟ ಪಾದಕ್ಕೇ ತಿಳಿಯುತ್ತದೆ. ಕ್ರೂಸ್‌ನಲ್ಲಿ ಕಿವಿಯೂ ಆರ್‌ಪಿಎಂ ಮುಳ್ಳೂ ಆ ಕೆಲಸ ಮಾಡಬೇಕು. ಆದ್ದರಿಂದ ಮುಳ್ಳು ಕುಸಿಯುವ ಮುನ್ನವೇ ಐದಕ್ಕೋ ನಾಲ್ಕಕ್ಕೋ ಇಳಿಸಿ, ಆಮೇಲೆ ರಿಸ್ಯೂಮ್ ಮಾಡಿ. ಟೋಲ್ ದಾಟಿದ ಮೇಲೂ ಇದೇ ಕ್ರಮ: ಮೂರನೇ ಗೇರಿನಲ್ಲಿರುವಾಗಲೇ 100ಕ್ಕೆ ರಿಸ್ಯೂಮ್ ಒತ್ತಿದರೆ, ನೀವು ಗೇರ್ ಏರಿಸುವವರೆಗೂ ಕಾರು ಅದೇ ಗೇರಿನಲ್ಲಿ ಓಡುತ್ತದೆ.

ಇಳಿಜಾರಿನಲ್ಲಿ ಸಾಧಾರಣ ಕ್ರೂಸ್ ಆ್ಯಕ್ಸಿಲರೇಟರ್ ಬಿಡಬಲ್ಲದೇ ಹೊರತು ಸಾಮಾನ್ಯವಾಗಿ ಬ್ರೇಕ್ ಹಾಕುವುದಿಲ್ಲ. ಮೇಲಿನ ಗೇರಿನಲ್ಲಿ ಎಂಜಿನ್ನಿನ ತಡೆ ಕಡಿಮೆಯಾದ್ದರಿಂದ ವೇಗ ನೀವು ಇಟ್ಟದ್ದಕ್ಕಿಂತ ಹೆಚ್ಚಬಹುದು. ಘಾಟಿ ರಸ್ತೆಯಲ್ಲಿ, ಮಳೆಯಲ್ಲಿ ನಾನು ಅದನ್ನು ಬಳಸುವುದೇ ಇಲ್ಲ.

ಕ್ರೂಸ್ ಕಾರಣವಿಲ್ಲದೆ ಆಗಾಗ ಕಳಚಿಕೊಳ್ಳುತ್ತಿದ್ದರೆ, ಮೊದಲು ನಿಮ್ಮ ಎಡಗಾಲು ಕ್ಲಚ್ ಪೆಡಲ್ ಮೇಲೆ ಊರಿಕೊಂಡಿದೆಯೇ ಎಂದು ನೋಡಿ. ಕಾಲನ್ನು ಪಕ್ಕಕ್ಕಿಟ್ಟ ಮೇಲೂ ಹಾಗೆಯೇ ಆದರೆ, ಮೆಕ್ಯಾನಿಕ್ ಬಳಿ ಕ್ಲಚ್ ಮತ್ತು ಬ್ರೇಕ್ ಸ್ವಿಚ್‌ಗಳನ್ನು ಪರೀಕ್ಷಿಸಲು ಹೇಳಿ.