ಹಬ್ಬದ ಮನೆಯ ಒಣ ಕಸ: ಓದುಗರೊಬ್ಬರ ಪತ್ರಕ್ಕೆ ಸಂಪಾದಕರ ಉತ್ತರ

ಮಾನ್ಯರೇ,

ಮಂಗಳೂರಿನಿಂದ ನೀವು ಬರೆದ ಪತ್ರ ತಲುಪಿದೆ. ಕಳೆದ ಕ್ರಿಸ್‌ಮಸ್ ಮುಗಿದ ಮೇಲೆ ಮನೆಯಲ್ಲಿ ಉಳಿದ ಉಡುಗೊರೆ ಕಾಗದ, ಕೇಕಿನ ಡಬ್ಬಿ, ಥರ್ಮಾಕೋಲ್ ಚೂರುಗಳನ್ನೆಲ್ಲ ಒಣ ಕಸವೆಂದು ಒಂದೇ ಚೀಲದಲ್ಲಿ ತುಂಬಿಟ್ಟಿದ್ದಿರಿ. ಕಸ ಒಯ್ಯಲು ಬಂದ ಮಹಿಳೆ ಚೀಲ ಬಿಚ್ಚಿ ನೋಡಿ, "ಇದರಲ್ಲಿ ಗುಜರಿಗೆ ಹೋಗುವಂಥದ್ದು ಎಂತದೂ ಇಲ್ಲ ಅಕ್ಕಾ" ಎಂದರಂತೆ. ಹಾಗಾದರೆ ಬೇರ್ಪಡಿಸಿ ಏನು ಪ್ರಯೋಜನ, ವರ್ಷಕ್ಕೊಮ್ಮೆ ಬರುವ ಹಬ್ಬದಲ್ಲೂ ಕಸದ ಲೆಕ್ಕ ಹಾಕಬೇಕೇ, ಅಟ್ಟದ ಮೇಲಿರುವ ಗೋದಲಿಯ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯ) ಹಳೆಯ ಥರ್ಮಾಕೋಲ್ ಗುಡಿಸಲನ್ನು ಎಸೆಯಬೇಕೇ ಎಂದು ಕೇಳಿದ್ದೀರಿ.

ಆ ಮಹಿಳೆ ಹೇಳಿದ್ದು ಸರಿ. ಒಂದೇ ಜಾತಿಯ, ಒಣಗಿದ, ಕೊಳೆಯಿಲ್ಲದ ವಸ್ತುವನ್ನು ಮಾತ್ರ ಗುಜರಿಯವರು ಬೆಲೆ ಕೊಟ್ಟು ಕೊಳ್ಳುತ್ತಾರೆ. ಎರಡು ಜಾತಿಯ ವಸ್ತುಗಳನ್ನು ಬಿಡಿಸಲಾಗದಂತೆ ಅಂಟಿಸಿದ್ದರೆ ಅದು ಯಾರಿಗೂ ಬೇಡ, ಮತ್ತು ಹಬ್ಬದ ಅಲಂಕಾರದ ಸಾಮಾನುಗಳಲ್ಲಿ ಹೆಚ್ಚಿನವು ಇಂಥವೇ. ಉಡುಗೊರೆ ಸುತ್ತುವ ಕಾಗದವನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಮುದುಡಿ ಕೈ ಬಿಡಿಸಿ ನೋಡಿ. ಮುದುಡಿದಂತೆಯೇ ಉಳಿದರೆ ಅದು ಸಾಮಾನ್ಯವಾಗಿ ಕಾಗದ. ಸರಸರ ಸದ್ದು ಮಾಡುತ್ತ ಮತ್ತೆ ಬಿಚ್ಚಿಕೊಂಡರೆ ಲೋಹದ ಲೇಪವಿರುವ ಪ್ಲಾಸ್ಟಿಕ್ ಹಾಳೆ. ಮಿನುಗು ಪುಡಿ ಅಂಟಿಸಿದ್ದಾದರೆ ಕಾಗದವಾಗಿದ್ದರೂ ಮರುಬಳಕೆಗೆ ಬಾರದು. ಕೇಕಿನ ರಟ್ಟಿನ ಡಬ್ಬಿ ಸ್ವತಃ ಒಳ್ಳೆಯ ವಸ್ತುವೇ, ಆದರೆ ಅದಕ್ಕೆ ಮೆತ್ತಿದ ಕೆನೆ ಮತ್ತು ಎಣ್ಣೆ ಅದೇ ಚೀಲದ ಉಳಿದ ಕಾಗದಕ್ಕೂ ಹಿಡಿದು ಎಲ್ಲವನ್ನೂ ಕೆಡಿಸುತ್ತದೆ. ಜಿಡ್ಡಾದ ಭಾಗವನ್ನು ಹರಿದು ತೆಗೆದು, ಶುದ್ಧ ರಟ್ಟನ್ನು ಪತ್ರಿಕೆಗಳ ಜೊತೆ ಕಟ್ಟಿಟ್ಟರೆ ಅದು ಖಂಡಿತ ಗುಜರಿಗೆ ಹೋಗುತ್ತದೆ. ದ್ರಾಕ್ಷಾರಸದ ಬಾಟಲಿಗಳನ್ನು ತೊಳೆದು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಬಹುದು.

ಹೀಗಾಗಿ ಬೇರ್ಪಡಿಸುವ ಕೆಲಸ ಕಸದ ಬುಟ್ಟಿಯ ಮುಂದಲ್ಲ, ಅಂಗಡಿಯಲ್ಲೇ ಆರಂಭವಾಗಬೇಕೆಂಬುದು ನನ್ನ ಅಭಿಪ್ರಾಯ. ಇದಕ್ಕೆ ಹೊಸದೇನನ್ನೂ ಕಲಿಯಬೇಕಾಗಿಲ್ಲ. ಕ್ರಿಸ್‌ಮಸ್‌ನ ತಿಂಡಿಗಳಾದ ಕುಸ್ವಾರ್ ಹಂಚುವ ನಿಮ್ಮೂರಿನ ಪದ್ಧತಿಯನ್ನೇ ನೋಡಿ. ನೆವ್ರಿ, ಕಿಡಿಯೊ, ಗುಳಿಯೊ, ಚಕ್ಕುಲಿ, ಕೇಕಿನ ತುಂಡುಗಳನ್ನು ಹರಿವಾಣದಲ್ಲಿ ಜೋಡಿಸಿ, ಮೇಲೆ ಕೈಯಲ್ಲಿ ಹೆಣೆದ ಕ್ರೋಶಾ ಬಟ್ಟೆ ಹೊದಿಸಿ ಮಕ್ಕಳ ಕೈಯಲ್ಲಿ ನೆರೆಮನೆಗಳಿಗೆ ಕಳುಹಿಸುತ್ತಿದ್ದರು. ಹರಿವಾಣವೂ ಬಟ್ಟೆಯೂ ಮನೆಗೆ ಮರಳುತ್ತಿದ್ದವು. ದೀಪಾವಳಿಗೂ ಈದ್‌ಗೂ ಆ ಮನೆಗಳಿಂದ ತಿಂಡಿ ಹೀಗೆಯೇ ಬರುತ್ತಿತ್ತು. ಇಂದು ಅದೇ ಕುಸ್ವಾರ್ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಮಿನುಗುವ ರಿಬ್ಬನ್ ಕಟ್ಟಿಸಿಕೊಂಡು ಹೋಗುತ್ತದೆ. ಡಬ್ಬಿ ಕೊಡಲೇಬೇಕಾದಷ್ಟು ದೂರದವರಿಗೆ ಸ್ಟೀಲಿನದನ್ನೋ, ಮನೆಯಲ್ಲಿ ಉಳಿದಿರುವ ಬಿಸ್ಕತ್ತಿನ ತಗಡಿನ ಡಬ್ಬಿಯನ್ನೋ ಕೊಡಿ. ಊಟಕ್ಕೆ ನಿಮ್ಮ ಜಿಲ್ಲೆಯಲ್ಲೇ ತಯಾರಾಗುವ ಅಡಿಕೆ ಹಾಳೆಯ ತಟ್ಟೆಗಳಿರುವಾಗ ಪ್ಲಾಸ್ಟಿಕ್ ಲೇಪದ ಕಾಗದದ ತಟ್ಟೆ ತರುವುದಕ್ಕೆ ನನಗೆ ಕಾರಣವೇ ಕಾಣುವುದಿಲ್ಲ.

ಗೋದಲಿಯ ವಿಷಯವೂ ಹಾಗೆಯೇ. ಸಂತ ಫ್ರಾನ್ಸಿಸ್ ಅಸ್ಸಿಸಿ 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಗೋದಲಿ ರಚಿಸಿದಾಗ ಅಲ್ಲಿದ್ದದ್ದು ಹುಲ್ಲು, ಒಂದು ಎತ್ತು, ಒಂದು ಕತ್ತೆ. ಬೈಹುಲ್ಲು, ಅಡಿಕೆ ಸೋಗೆ, ತಟ್ಟೆಯಲ್ಲಿ ಮೊಳೆಸಿದ ರಾಗಿ ಅಥವಾ ಭತ್ತದ ಪೈರು, ಮಣ್ಣಿನ ಮೂರ್ತಿಗಳು ಇದ್ದರೆ ಗೋದಲಿಗೆ ಯಾವ ಕೊರತೆಯೂ ಇಲ್ಲ. ಹಬ್ಬದ ನಂತರ ಹುಲ್ಲು ಹಟ್ಟಿಗೆ ಅಥವಾ ತೆಂಗಿನ ಬುಡಕ್ಕೆ, ಮೂರ್ತಿಗಳು ಪೆಟ್ಟಿಗೆಗೆ. ಅಲಂಕಾರಕ್ಕೆ ಬಳಸುವ ಥರ್ಮಾಕೋಲನ್ನು ಕೇಂದ್ರ ಸರ್ಕಾರ 2022ರ ಜುಲೈ 1ರಿಂದ ನಿಷೇಧಿಸಿದೆಯೆಂಬುದನ್ನೂ ಇಲ್ಲಿ ನೆನಪಿಸಬೇಕು; ಹೊಸದನ್ನು ತರುವ ಮಾತೇ ಬೇಡ.

ಹಸಿ ಕಸದಲ್ಲಿ ಒಂದು ಎಚ್ಚರಿಕೆ ಸಾಕು: ಮಾಂಸದ ಮೂಳೆ ಮತ್ತು ಕೊಬ್ಬನ್ನು ಮನೆಯ ಗೊಬ್ಬರದ ಮಡಕೆಗೆ ಹಾಕಬೇಡಿ, ಇಲಿಗಳೂ ವಾಸನೆಯೂ ಸೇರುತ್ತವೆ. ಕೆಟ್ಟ ಸೀರಿಯಲ್ ದೀಪಗಳನ್ನು ಸಾಧ್ಯವಾದರೆ ರಿಪೇರಿ ಮಾಡಿಸಿ, ಇಲ್ಲದಿದ್ದರೆ ಇ-ತ್ಯಾಜ್ಯ ಸ್ವೀಕರಿಸುವವರಿಗೇ ತಲುಪಿಸಿ; ಎಲ್ಲೆಂದರಲ್ಲಿ ಎಸೆದ ವಯರನ್ನು ತಾಮ್ರಕ್ಕಾಗಿ ಬಯಲಲ್ಲಿ ಸುಡುತ್ತಾರೆ, ಆ ಹೊಗೆ ಅತ್ಯಂತ ವಿಷಕಾರಿ. ಆಟಿಕೆಗಳ ಬ್ಯಾಟರಿಗಳನ್ನು ಪ್ರತ್ಯೇಕವಾಗಿ ಕೊಡಬೇಕೆಂದು 2016ರ ಘನತ್ಯಾಜ್ಯ ನಿಯಮಗಳೇ ಹೇಳಿದ್ದವು.

ವರ್ಷಕ್ಕೊಮ್ಮೆಯ ಹಬ್ಬಕ್ಕೂ ಲೆಕ್ಕ ಬೇಕೇ ಎಂಬ ಪ್ರಶ್ನೆಗೆ ಬೇಕೆಂದೇ ಉತ್ತರಿಸುತ್ತೇನೆ. ನಿಮ್ಮ ನಗರದ ಪಚ್ಚನಾಡಿಯ ಕಸದ ರಾಶಿ 2019ರ ಆಗಸ್ಟ್‌ನ ಮಳೆಗೆ ಕುಸಿದು ಪಕ್ಕದ ಮಂದಾರ ಎಂಬಲ್ಲಿನ ಅಡಿಕೆ ತೋಟಗಳ ಮೇಲೂ ಮನೆಗಳ ಮೇಲೂ ಹರಿದು, ಅಲ್ಲಿನ ಕುಟುಂಬಗಳು ನೆಲೆ ಕಳೆದುಕೊಂಡವು. ಆ ರಾಶಿಯಲ್ಲಿ ಎಲ್ಲ ಮತದವರ ಹಬ್ಬಗಳ ಕಸವೂ ಇತ್ತು. ನಮ್ಮ ಸಂತೋಷದ ಉಳಿಕೆಯನ್ನು ಕಾಣದ ಯಾರದೋ ತೋಟದ ಮೇಲೆ ಹೇರುವುದು ನನಗೆ ಒಪ್ಪಿಗೆಯಾಗದು.

ಕೊನೆಗೆ ಆ ಗುಡಿಸಲು. ಅದನ್ನು ಎಸೆದು ಬೈಹುಲ್ಲಿನದನ್ನು ಕಟ್ಟಬೇಡಿ. ಈಗಾಗಲೇ ಇರುವ ಥರ್ಮಾಕೋಲ್ ಆಗಲಿ, ಪ್ಲಾಸ್ಟಿಕ್ ಕ್ರಿಸ್‌ಮಸ್ ಮರವಾಗಲಿ, ಬಾಳುವಷ್ಟು ವರ್ಷ ಬಳಸುವುದೇ ಸರಿ. ಥಿನ್ನರ್ ಬೆರೆಸಿದ ಬಣ್ಣ ಥರ್ಮಾಕೋಲನ್ನು ಕರಗಿಸುವುದರಿಂದ ನೀರಿನಲ್ಲಿ ಕಲಸುವ ಬಣ್ಣವನ್ನೇ ಬಳಿಯಿರಿ. ಮುರಿದಲ್ಲಿ ಹಳೆಯ ಗೋಣಿಯ ತುಂಡು ಅಂಟಿಸಿ, ಮೇಲೆ ಹುಲ್ಲು ಹೊದಿಸಬಹುದು. ತೀರಾ ಪುಡಿಯಾದಾಗ ಬಿಳಿ ಕಾಳುಗಳು ಚರಂಡಿಗೆ ಹಾರದಂತೆ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಒಳಗೆ ಏನಿದೆಯೆಂದು ಆ ಮಹಿಳೆಗೆ ಹೇಳಿಯೇ ಕೊಡಿ.

— ಸಂಪಾದಕ